ಅನಿಲಗಳ ಪಾಲು, ಮೋಲ್‌ಗಳ ಲೆಕ್ಕ

ರಾಸಾಯನಿಕ ಸಮೀಕರಣದ ಭಾಷೆ ಎಣಿಕೆಯ ಭಾಷೆ. ಇಷ್ಟು ಅಣುಗಳು ಅಷ್ಟು ಅಣುಗಳೊಡನೆ ಕೂಡಿ ಇನ್ನಿಷ್ಟು ಅಣುಗಳಾಗುತ್ತವೆ ಎಂಬುದಷ್ಟೇ ಅದರ ಹೇಳಿಕೆ. ಪ್ರಯೋಗಶಾಲೆಯಲ್ಲಾದರೋ ಅಣುಗಳನ್ನು ಎಣಿಸಲು ಬರುವುದಿಲ್ಲ. ಘನವಸ್ತುವನ್ನು ತೂಗಬಹುದು, ದ್ರವವನ್ನು ಅಳೆಯಬಹುದು, ಅನಿಲವಾದರೆ ಅದು ತುಂಬಿಕೊಂಡ ಜಾಗವನ್ನು, ಅಂದರೆ ಅದರ ಗಾತ್ರವನ್ನು, ಗುರುತು ಹಾಕಿದ ಗಾಜಿನ ನಳಿಗೆಯಲ್ಲಿ ಓದಿಕೊಳ್ಳಬಹುದು. ಓದಿದ ಗಾತ್ರದಿಂದ ಎಣಿಕೆಗೆ, ಎಣಿಕೆಯಿಂದ ಮತ್ತೆ ಗಾತ್ರಕ್ಕೆ ದಾಟಿಹೋಗಲು ಯಾವ ಆಧಾರವಿದೆ, ಆ ಆಧಾರ ಎಲ್ಲಿಯವರೆಗೆ ಗಟ್ಟಿ, ಎಲ್ಲಿ ಸಡಿಲ ಎಂಬುದೇ ಇಲ್ಲಿ ಸಮೀಕ್ಷೆಗೆ ತೆಗೆದುಕೊಂಡಿರುವ ಪ್ರಶ್ನೆ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗೆ ಈ ಲೆಕ್ಕವು ಸಾಮಾನ್ಯವಾಗಿ 22.4 ಎಂಬ ಒಂದು ಸಂಖ್ಯೆಯ ರೂಪದಲ್ಲಿ ಪರಿಚಯವಾಗುತ್ತದೆ, ಎಲ್ಲ ಅನಿಲಗಳಿಗೂ ಎಲ್ಲ ಸಂದರ್ಭಗಳಿಗೂ ಅದನ್ನೇ ಬಳಸುವ ಅಭ್ಯಾಸ ಅಲ್ಲಿಂದಲೇ ಬೇರೂರುತ್ತದೆ. ವಿಷಯದ ಚರಿತ್ರೆಯನ್ನೂ ತರ್ಕವನ್ನೂ ಜೊತೆಗಿಟ್ಟು ನೋಡಿದಾಗ ಕಾಣುವುದು ಬೇರೆಯೇ: ಇಲ್ಲಿ ಮೂಲವಾದದ್ದು ಅನುಪಾತ; 22.4 ಎಂಬುದು ಒಂದು ಗೊತ್ತಾದ ತಾಪ, ಒಂದು ಗೊತ್ತಾದ ಒತ್ತಡದಲ್ಲಿ ಮಾತ್ರ ಸಲ್ಲುವ ಉಪಕರಣ.

ಅನುಪಾತವು ಮೊದಲು ಬೆಳಕಿಗೆ ಬಂದದ್ದು ಗಾಳಿಯ ಪರೀಕ್ಷೆಯ ನಡುವೆ. ಫ್ರಾನ್ಸಿನ ಜೋಸೆಫ್ ಲೂಯಿ ಗೇ-ಲುಸಾಕ್ 1802ರಲ್ಲಿ, ಎಲ್ಲ ಅನಿಲಗಳೂ ಒಂದೇ ಪ್ರಮಾಣದ ತಾಪದ ಏರಿಕೆಗೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬುದನ್ನು ಪ್ರಕಟಿಸಿದ್ದರು. 1804ರ ಸೆಪ್ಟೆಂಬರಿನಲ್ಲಿ ಅವರು ಒಬ್ಬರೇ ಬಲೂನಿನಲ್ಲಿ ಏಳು ಸಾವಿರ ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿ ಅಲ್ಲಿನ ಗಾಳಿಯನ್ನು ಪಾತ್ರೆಯಲ್ಲಿ ಹಿಡಿದು ತಂದರು. ಅದರ ಸಂಯೋಜನೆ ನೆಲದ ಗಾಳಿಯದಕ್ಕಿಂತ ಬೇರೆಯಾಗಿರಲಿಲ್ಲ. ಮರುವರ್ಷ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಅವರ ಜೊತೆಗೂಡಿ ಗಾಳಿಯ ಆಮ್ಲಜನಕವನ್ನು ನಿಖರವಾಗಿ ಅಳೆಯುವ ಕೆಲಸಕ್ಕೆ ಇಳಿದಾಗ, ಅಳತೆಯ ವಿಧಾನವೇ ಮುಖ್ಯವಾದ ಸಂಗತಿಯನ್ನು ಹೊರಗೆಡಹಿತು. ಆಮ್ಲಜನಕಕ್ಕೆ ಜಲಜನಕವನ್ನು ಬೆರೆಸಿ ವಿದ್ಯುತ್ ಕಿಡಿ ಹಾರಿಸಿದರೆ ಎರಡೂ ಕೂಡಿ ನೀರಾಗುತ್ತವೆ; ಎಷ್ಟು ಅನಿಲ ಮಾಯವಾಯಿತು ಎಂಬುದರಿಂದ ಆಮ್ಲಜನಕದ ಪ್ರಮಾಣ ತಿಳಿಯುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದ ಪ್ರಯೋಗಗಳಲ್ಲಿ ಆಮ್ಲಜನಕದ ನೂರು ಪಾಲಿಗೆ ಜಲಜನಕದ ಇನ್ನೂರು ಪಾಲು ಬೇಕಾಯಿತು, ಅತ್ತಿತ್ತ ಸರಿದದ್ದು ತೀರ ಅಲ್ಪ. ಪ್ರಕೃತಿಯಲ್ಲಿ ಇಂಥ ಸರಳವಾದ ಒಂದಕ್ಕೆರಡು ಅನುಪಾತ ಆಕಸ್ಮಿಕವಾಗಿರಲಾರದೆಂದು ಗೇ-ಲುಸಾಕ್‌ರಿಗೆ ಅನ್ನಿಸಿದ್ದು ಸಹಜ. ಅವರು ಉಳಿದ ಅನಿಲಗಳ ಕಡೆಗೆ ತಿರುಗಿದರು. ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಸಮಪಾಲಿನಲ್ಲಿ ಕೂಡಿ ಬಿಳಿಯ ಪುಡಿಯಾಗುತ್ತಿದ್ದವು. ಇಂಗಾಲದ ಮಾನಾಕ್ಸೈಡಿನ ನೂರು ಪಾಲು ಆಮ್ಲಜನಕದ ಐವತ್ತು ಪಾಲಿನೊಡನೆ ಉರಿದು ಇಂಗಾಲದ ಡೈಆಕ್ಸೈಡಿನ ನೂರು ಪಾಲಾಗುತ್ತಿತ್ತು. ಅಮೋನಿಯದಲ್ಲಿ ಸಾರಜನಕದ ಒಂದು ಪಾಲಿಗೆ ಜಲಜನಕದ ಮೂರು ಪಾಲಿತ್ತು. 1808ರ ಕೊನೆಯ ದಿನ ಪ್ಯಾರಿಸ್‌ನಲ್ಲಿ ಮಂಡಿಸಿ 1809ರಲ್ಲಿ ಅಚ್ಚಾದ ಅವರ ಪ್ರಬಂಧದ ಸಾರ ಇದು: ಒಂದೇ ತಾಪ, ಒಂದೇ ಒತ್ತಡದಲ್ಲಿ ಅಳೆದಾಗ ಕ್ರಿಯೆಯಲ್ಲಿ ತೊಡಗುವ ಅನಿಲಗಳ ಗಾತ್ರಗಳು ಪರಸ್ಪರ ಸಣ್ಣ ಪೂರ್ಣಾಂಕಗಳ ಅನುಪಾತದಲ್ಲಿರುತ್ತವೆ, ಉತ್ಪನ್ನವೂ ಅನಿಲವಾಗಿದ್ದರೆ ಅದರ ಗಾತ್ರವೂ ಹಾಗೆಯೇ. ಘನ ಮತ್ತು ದ್ರವಗಳಲ್ಲಿ ಇಂಥ ಸರಳತೆ ಇಲ್ಲವೆಂಬುದನ್ನೂ ಅವರು ಗಮನಿಸಿದ್ದರು.

ಇಷ್ಟು ಸ್ಪಷ್ಟವಾದ ಪ್ರಯೋಗಫಲವನ್ನು ಆ ಕಾಲದ ಪರಮಾಣುವಾದದ ಪ್ರಮುಖರೇ ಒಪ್ಪಲಿಲ್ಲ. ಜಾನ್ ಡಾಲ್ಟನ್‌ರ ಆಕ್ಷೇಪಕ್ಕೆ ಕಾರಣವಿತ್ತು. ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಕಣಗಳಿವೆ ಎಂದು ಒಪ್ಪಿದರೆ, ಸಾರಜನಕದ ಒಂದು ಪಾಲು ಆಮ್ಲಜನಕದ ಒಂದು ಪಾಲಿನೊಡನೆ ಕೂಡಿ ನೈಟ್ರಿಕ್ ಆಕ್ಸೈಡಿನ ಎರಡು ಪಾಲಾಗುವುದು ಹೇಗೆ? ಒಂದು ಕಣಕ್ಕೆ ಒಂದು ಕಣ ಸೇರಿದರೆ ಒಂದೇ ಸಂಯುಕ್ತ ಕಣ ಬರಬೇಕು. ಎರಡು ಬರಬೇಕಾದರೆ ಪ್ರತಿಯೊಂದರಲ್ಲಿಯೂ ಅರ್ಧ ಪರಮಾಣು ಇರಬೇಕು. ಒಡೆಯಲಾರದ ಪರಮಾಣುವಿನ ಮೇಲೆ ತಮ್ಮ ಸಿದ್ಧಾಂತವನ್ನೆಲ್ಲ ನಿಲ್ಲಿಸಿದ್ದ ಡಾಲ್ಟನ್‌ರಿಗೆ ಇದು ಒಪ್ಪುವ ಮಾತಾಗಿರಲಿಲ್ಲ. ಇನ್ನೊಂದು ತೊಡಕೂ ಅಷ್ಟೇ ತೀಕ್ಷ್ಣವಾಗಿತ್ತು: ಆಮ್ಲಜನಕದ ಪರಮಾಣುವಿಗೆ ಜಲಜನಕ ಸೇರಿ ಆಗುವ ನೀರಿನ ಕಣ ಆಮ್ಲಜನಕಕ್ಕಿಂತ ಭಾರವಾಗಿರಬೇಕು, ಆದರೆ ಸಮ ಗಾತ್ರದಲ್ಲಿ ನೀರಿನ ಆವಿಯು ಆಮ್ಲಜನಕಕ್ಕಿಂತ ಹಗುರ. ಡಾಲ್ಟನ್‌ರು ಗೇ-ಲುಸಾಕ್‌ರ ಅಳತೆಗಳನ್ನೇ ಸಂಶಯಿಸಿದರು. ಅವರ ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಅದರ ಹಿಂದಿದ್ದ ಹೇಳದ ಊಹೆಯಲ್ಲಿ: ಮೂಲವಸ್ತುವಿನ ಅನಿಲದಲ್ಲಿ ಪರಮಾಣುಗಳು ಒಂಟಿಯಾಗಿಯೇ ಇರುತ್ತವೆ ಎಂಬುದರಲ್ಲಿ.

ಆ ಊಹೆಯನ್ನು ಕಿತ್ತು ಹಾಕಿದವರು ಟ್ಯೂರಿನ್ ನಗರದ ಅಮೆಡಿಯೊ ಅವೊಗಾಡ್ರೊ. 1811ರ ಪ್ರಬಂಧದಲ್ಲಿ ಅವರು ಎರಡು ಮಾತುಗಳನ್ನು ಒಟ್ಟಿಗೆ ಮುಂದಿಟ್ಟರು. ಒಂದು, ಒಂದೇ ತಾಪ ಮತ್ತು ಒತ್ತಡದಲ್ಲಿ ಸಮ ಗಾತ್ರದ ಎಲ್ಲ ಅನಿಲಗಳಲ್ಲೂ ಅಣುಗಳ ಸಂಖ್ಯೆ ಸಮ. ಇನ್ನೊಂದು, ಮೂಲವಸ್ತುವಿನ ಅಣುವೂ ಒಂದಕ್ಕಿಂತ ಹೆಚ್ಚು ಪರಮಾಣುಗಳ ಕೂಟವಾಗಿರಬಹುದು, ಕ್ರಿಯೆಯಲ್ಲಿ ಅದು ಒಡೆದು ಹಂಚಿಹೋಗಬಹುದು. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಅದರ ಒಂದು ಪಾಲಿನಿಂದ ನೀರಾವಿಯ ಎರಡು ಪಾಲು ಬರುವುದರಲ್ಲಿ ಸೋಜಿಗವೇನೂ ಇಲ್ಲ. ಒಡೆದದ್ದು ಅಣು, ಪರಮಾಣುವಲ್ಲ. ಆವಿಯ ಹಗುರತನವೂ ಇದರಿಂದಲೇ ತಿಳಿಯಾಗುತ್ತದೆ, ಏಕೆಂದರೆ ನೀರಿನ ಒಂದು ಅಣುವಿನಲ್ಲಿರುವುದು ಆಮ್ಲಜನಕದ ಅಣುವಿನ ಅರ್ಧ ಭಾಗ ಮಾತ್ರ. ಇಷ್ಟಾದರೂ ಅರ್ಧ ಶತಮಾನದ ಕಾಲ ಈ ವಿವರಣೆ ಬದಿಗೆ ಬಿದ್ದಿತ್ತು. ವಿರುದ್ಧ ವಿದ್ಯುದಂಶಗಳ ಸೆಳೆತದಿಂದಲೇ ಪರಮಾಣುಗಳು ಕೂಡುತ್ತವೆಂದು ನಂಬಿದ್ದ ಬರ್ಜೀಲಿಯಸ್‌ರ ಮತದಲ್ಲಿ ಒಂದೇ ಬಗೆಯ ಎರಡು ಪರಮಾಣುಗಳು ಒಂದಾಗುವುದು ಸಾಧ್ಯವಿರಲಿಲ್ಲ. ಆ ಮತದ ಪ್ರಭಾವ ದೊಡ್ಡದಾಗಿತ್ತು. ಫ್ರಾನ್ಸಿನಲ್ಲಿ ಡೂಮಾ ಆವಿಗಳ ಸಾಂದ್ರತೆಯನ್ನು ಅಳೆದು ಪರಮಾಣು ತೂಕ ಕಂಡುಹಿಡಿಯಲು ಹೊರಟಾಗ ಪಾದರಸ, ಗಂಧಕ ಮತ್ತು ರಂಜಕಗಳ ಫಲಿತಾಂಶ ಬೇರೆ ವಿಧಾನಗಳಿಗೆ ಹೊಂದಲಿಲ್ಲ. ಪಾದರಸದ ಆವಿಯಲ್ಲಿ ಒಂಟಿ ಪರಮಾಣು, ರಂಜಕದ ಆವಿಯಲ್ಲಿ ನಾಲ್ಕರ ಕೂಟ ಇರುವುದು ಆಗ ತಿಳಿದಿರಲಿಲ್ಲವಾದ್ದರಿಂದ ಅವೊಗಾಡ್ರೊರ ನಿಯಮವೇ ಸೋತಂತೆ ಕಂಡಿತು.

ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಸ್ಟಾನಿಸ್ಲಾವೊ ಕಾನಿಜ್ಜಾರೊ. ಜಿನೋವದಲ್ಲಿ ಪಾಠ ಹೇಳುತ್ತಿದ್ದ ಅವರು ತಮ್ಮ ರಸಾಯನ ಪಾಠಕ್ರಮದ ರೂಪರೇಖೆಯನ್ನು 1858ರಲ್ಲಿ ಪ್ರಕಟಿಸಿದರು. ಒಂದು ಮೂಲವಸ್ತುವಿನ ಹಲವು ಅನಿಲ ಸಂಯುಕ್ತಗಳನ್ನು ಸಮ ಗಾತ್ರದಲ್ಲಿ ತೆಗೆದುಕೊಂಡು ಪ್ರತಿಯೊಂದರಲ್ಲಿಯೂ ಆ ಮೂಲವಸ್ತುವಿನ ತೂಕ ಎಷ್ಟಿದೆಯೆಂದು ನೋಡಿದರೆ, ಆ ತೂಕಗಳೆಲ್ಲ ಒಂದು ಕನಿಷ್ಠ ತೂಕದ ಗುಣಕಗಳಾಗಿರುತ್ತವೆ, ಆ ಕನಿಷ್ಠವೇ ಪರಮಾಣು ತೂಕ ಎಂಬುದು ಅವರ ವಾದ. 1860ರ ಸೆಪ್ಟೆಂಬರ್ 3ರಿಂದ 5ರವರೆಗೆ ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಯೂರೋಪಿನ ರಸಾಯನವಿಜ್ಞಾನಿಗಳು ಸೇರಿದ್ದ ಸಮ್ಮೇಳನ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತಾದರೂ, ಕೊನೆಯಲ್ಲಿ ಹಂಚಲಾದ ಕಾನಿಜ್ಜಾರೊರ ಆ ಕಿರುಹೊತ್ತಗೆ ಲೋಥರ್ ಮೇಯರ್‌ರಂಥವರ ಮನಸ್ಸನ್ನು ಬದಲಿಸಿತು. ಅವೊಗಾಡ್ರೊ ಅದಕ್ಕೆ ನಾಲ್ಕು ವರ್ಷ ಮೊದಲೇ, 1856ರಲ್ಲಿ, ತೀರಿಕೊಂಡಿದ್ದರು. ಇಂದು ಅವರ ಹೆಸರಿನಲ್ಲಿ ನಡೆಯುವ ಸಂಖ್ಯೆಯನ್ನು ಅವರು ಲೆಕ್ಕ ಹಾಕಿದವರಲ್ಲ. ಸಮ ಗಾತ್ರದಲ್ಲಿ ಸಮ ಸಂಖ್ಯೆ ಎಂಬ ಮಾತಿಗೆ ಆ ಸಂಖ್ಯೆ ಎಷ್ಟೆಂದು ತಿಳಿದಿರಬೇಕಾದ ಅಗತ್ಯವೇ ಇರಲಿಲ್ಲ. ಈ ಸಂಗತಿ ಪಾಠದಲ್ಲಿ ಹೆಚ್ಚು ಒತ್ತು ಪಡೆಯಬೇಕಾದದ್ದು.

ಮೋಲ್ ಎಂಬುದು ಆಮೇಲೆ ಬಂದ ಸೌಕರ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಬಳಕೆಗೆ ತಂದ ಈ ಪದಕ್ಕೆ 1971ರಲ್ಲಿ ಅಂತರರಾಷ್ಟ್ರೀಯ ಮಾನಗಳ ಪದ್ಧತಿಯಲ್ಲಿ ಸ್ಥಾನ ಸಿಕ್ಕಿತು, 2019ರ ಮೇ 20ರಿಂದ ಅದರ ಅರ್ಥ ನೇರವಾಗಿ ಸಂಖ್ಯೆಯಲ್ಲೇ ನಿಂತಿದೆ: 6.02214076 × 10²³ ಕಣಗಳ ಮೊತ್ತವೇ ಒಂದು ಮೋಲ್. ಸರಿದೂಗಿಸಿದ ಸಮೀಕರಣದಲ್ಲಿ ಪ್ರತಿವಸ್ತುವಿನ ಹಿಂದೆ ನಿಲ್ಲುವ ಅಂಕೆಗಳು ಅಣುಗಳ ಅನುಪಾತವನ್ನು ಹೇಳುವುದರಿಂದ ಅವೇ ಮೋಲ್‌ಗಳ ಅನುಪಾತವೂ ಹೌದು. ಎಲ್ಲವೂ ಒಂದೇ ತಾಪ ಮತ್ತು ಒತ್ತಡದಲ್ಲಿರುವ ಅನಿಲಗಳಾಗಿದ್ದರೆ ಅವೇ ಗಾತ್ರಗಳ ಅನುಪಾತ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎಂದಾಗ ಪಾವಿನ ಅಳತೆ ಎಷ್ಟೆಂದು ಯಾರೂ ಕೇಳದಂತೆ, ಇಲ್ಲಿಯೂ ಲೀಟರು, ಮಿಲಿಲೀಟರು, ಘನ ಅಡಿ ಯಾವುದಾದರೂ ನಡೆಯುತ್ತದೆ. ಸಾರಜನಕದ ಒಂದು ಪಾಲು ಜಲಜನಕದ ಮೂರು ಪಾಲಿನೊಡನೆ ಕೂಡಿ ಅಮೋನಿಯದ ಎರಡು ಪಾಲಾಗುತ್ತದೆ ಎಂದು ತಿಳಿದ ಮೇಲೆ, 40 ಲೀಟರ್ ಸಾರಜನಕ ಮತ್ತು 90 ಲೀಟರ್ ಜಲಜನಕ ಪೂರ್ತಿಯಾಗಿ ಕ್ರಿಯೆ ಹೊಂದಿದರೆ ಏನಾಗುತ್ತದೆಂದು ಹೇಳಲು ಬೇರಾವ ಸಂಖ್ಯೆಯೂ ಬೇಡ: 90 ಲೀಟರ್ ಜಲಜನಕಕ್ಕೆ 30 ಲೀಟರ್ ಸಾರಜನಕ ಸಾಕು, 60 ಲೀಟರ್ ಅಮೋನಿಯ ಬರುತ್ತದೆ, 10 ಲೀಟರ್ ಸಾರಜನಕ ಹಾಗೇ ಉಳಿಯುತ್ತದೆ. ಮೊದಲು ಮುಗಿದುಹೋಗಿ ಕ್ರಿಯೆಗೆ ಮಿತಿ ಹಾಕುವ ವಸ್ತು ಇಲ್ಲಿ ಜಲಜನಕ. ಪ್ರತಿ ಗಾತ್ರವನ್ನೂ 22.4ರಿಂದ ಭಾಗಿಸಿ ಮೋಲ್ ಮಾಡಿ, ಕೊನೆಗೆ ಮತ್ತೆ 22.4ರಿಂದ ಗುಣಿಸುವ ಪದ್ಧತಿ ಉತ್ತರವನ್ನು ಕೆಡಿಸುವುದಿಲ್ಲ, ಆದರೆ ಭಾಗಿಸಿದ್ದು ಗುಣಿಸಿದ್ದು ಎರಡೂ ವ್ಯರ್ಥವೆಂಬ ಅರಿವನ್ನು ಮುಚ್ಚಿಹಾಕುತ್ತದೆ.

ನಿಯಮದ ಷರತ್ತುಗಳನ್ನು ಮರೆತಾಗ ತಪ್ಪು ನುಸುಳುತ್ತದೆ. ಜಲಜನಕದ ಎರಡು ಪಾಲು, ಆಮ್ಲಜನಕದ ಒಂದು ಪಾಲು ಸೇರಿ ನೀರಿನ ಎರಡು ಪಾಲಾಗುವುದು ನೀರು ಆವಿಯಾಗಿ ಉಳಿಯುವ ತಾಪದಲ್ಲಿ ಮಾತ್ರ. ತಣಿದು ದ್ರವವಾದರೆ ಅದರ ಗಾತ್ರ ಲೆಕ್ಕಕ್ಕೆ ಸಿಗದಷ್ಟು ಕಡಮೆ.

ಕ್ರಿಯೆಯಲ್ಲಿ ಘನವಸ್ತುವೊಂದು ಸೇರಿಕೊಂಡಾಗ, ಅಂದರೆ ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಗಾತ್ರ ಇದ್ದಾಗ, ಮೋಲ್ ಗಾತ್ರ ಎಂಬ ಸೇತುವೆ ನಿಜವಾಗಿ ಬೇಕಾಗುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ವಾಯುಮಂಡಲ ಒತ್ತಡದಲ್ಲಿ ಆದರ್ಶ ಅನಿಲದ ಒಂದು ಮೋಲ್ 22.414 ಲೀಟರ್ ಜಾಗ ಹಿಡಿಯುತ್ತದೆ. ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವು 1982ರಲ್ಲಿ ಪ್ರಮಾಣಿತ ಒತ್ತಡವನ್ನು ಒಂದು ಬಾರ್ ಎಂದು ಬದಲಿಸಿದ ಮೇಲೆ ಅದೇ ಸಂಖ್ಯೆ 22.711 ಆಗುತ್ತದೆ. ಹಳೆಯ ಪುಸ್ತಕದ 22.4, ಹೊಸ ಪುಸ್ತಕದ 22.7 ಇವೆರಡರಲ್ಲಿ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ಉತ್ತರ, ಒತ್ತಡ ಯಾವುದೆಂದು ನೋಡಿಕೊಳ್ಳಬೇಕು ಎಂಬುದೇ. ವಾಸ್ತವದಲ್ಲಿ ಕರ್ನಾಟಕದ ಯಾವ ಪ್ರಯೋಗಶಾಲೆಯ ಮೇಜಿನ ಮೇಲೂ ಇವೆರಡರಲ್ಲಿ ಒಂದೂ ಸಲ್ಲುವುದಿಲ್ಲ. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ 27 ಡಿಗ್ರಿ ತಾಪವಿದ್ದಾಗ ಒಂದು ಮೋಲ್ ಅನಿಲದ ಗಾತ್ರ ಸುಮಾರು 24.6 ಲೀಟರ್. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್‌ಗೆ ಇಳಿಯುವುದರಿಂದ, ಅದೇ ತಾಪದಲ್ಲಿ ಅದು 27.4 ಲೀಟರ್ ಆಗುತ್ತದೆ.

ಈ ವ್ಯತ್ಯಾಸ ಕಾಗದದ ಮೇಲಿನದಲ್ಲ. ಮೆಗ್ನೀಸಿಯಂ ಪಟ್ಟಿಯ 0.0486 ಗ್ರಾಂ ತುಂಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೊರಡುವ ಜಲಜನಕವನ್ನು ನೀರಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ನಳಿಗೆಯಲ್ಲಿ ಹಿಡಿಯುವ ಪ್ರಯೋಗವನ್ನು ತೆಗೆದುಕೊಳ್ಳಬಹುದು. ಮೆಗ್ನೀಸಿಯಂನ ಒಂದು ಮೋಲ್‌ನ ತೂಕ 24.3 ಗ್ರಾಂ, ಆದ್ದರಿಂದ ತುಂಡಿನಲ್ಲಿರುವುದು 0.002 ಮೋಲ್, ಒಂದಕ್ಕೆ ಒಂದರಂತೆ ಹೊರಡುವ ಜಲಜನಕವೂ 0.002 ಮೋಲ್. 22.4ರ ಲೆಕ್ಕದಲ್ಲಿ ಅದು 44.8 ಮಿಲಿಲೀಟರ್ ಆಗಬೇಕು. ನಳಿಗೆಯಲ್ಲಿ ಜಲಜನಕದ ಜೊತೆ ನೀರಾವಿಯೂ ಇರುತ್ತದೆ, 27 ಡಿಗ್ರಿಯಲ್ಲಿ ಆ ಆವಿಯ ಒತ್ತಡ ಸುಮಾರು 3.6 ಕಿಲೋಪಾಸ್ಕಲ್, ಒಟ್ಟು ಒತ್ತಡದಿಂದ ಅದನ್ನು ಕಳೆದರೆ ಬೆಂಗಳೂರಿನಲ್ಲಿ ಜಲಜನಕದ ಪಾಲಿಗೆ ಉಳಿಯುವುದು 87.4. ಆ ಒತ್ತಡದಲ್ಲಿ 0.002 ಮೋಲ್‌ನ ಗಾತ್ರ ಸುಮಾರು 57 ಮಿಲಿಲೀಟರ್. ನಳಿಗೆಯಲ್ಲಿ 57 ಓದಿ, ಪುಸ್ತಕದ ಉತ್ತರ 44.8 ಎಂದು ಕಂಡ ವಿದ್ಯಾರ್ಥಿ ತನ್ನ ಕೈಯೇ ತಪ್ಪಿತೆಂದು ಭಾವಿಸಿ ಅಂಕಿಯನ್ನು ತಿದ್ದಿ ಬರೆದರೆ ವಿಜ್ಞಾನಶಿಕ್ಷಣಕ್ಕೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ, ಏಕೆಂದರೆ ಅಲ್ಲಿ ಸರಿಯಾಗಿದ್ದದ್ದು ನಳಿಗೆಯೇ. ಎನ್‌ಸಿಇಆರ್‌ಟಿ 2022–23ರ ಪಠ್ಯಕಡಿತದಲ್ಲಿ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದಿಂದ ದ್ರವ್ಯದ ಸ್ಥಿತಿಗಳನ್ನು ಕುರಿತ ಅಧ್ಯಾಯವನ್ನು ಕೈಬಿಟ್ಟಿರುವುದರಿಂದ, ಒತ್ತಡ ತಾಪ ಗಾತ್ರಗಳ ಸಂಬಂಧವನ್ನು ವಿವರವಾಗಿ ಕಲಿಯುವ ಜಾಗವೇ ಕಿರಿದಾಗಿ, ಮೋಲ್ ಗಾತ್ರ ಇನ್ನಷ್ಟು ಒಂಟಿಯಾದ ಬಾಯಿಪಾಠದ ಸಂಖ್ಯೆಯಾಗುವ ಅಪಾಯವಿದೆ.

ಅನುಪಾತವನ್ನು ಹಿಂದುಮುಂದಾಗಿ ಬಳಸಿ ತಿಳಿಯದ ಅನಿಲದ ಸೂತ್ರವನ್ನೇ ಕಂಡುಹಿಡಿಯಬಹುದು. ಹುಂಬೋಲ್ಟ್ ಮತ್ತು ಗೇ-ಲುಸಾಕ್ ಬಳಸಿದ, ಅದಕ್ಕೂ ಮೊದಲು ವೋಲ್ಟಾ ರೂಪಿಸಿದ್ದ ಕಿಡಿ ಹಾರಿಸುವ ಗಾಜಿನ ನಳಿಗೆಗೆ ಯೂಡಿಯೋಮೀಟರ್ ಎಂದು ಹೆಸರು. ಇಂಗಾಲ ಮತ್ತು ಜಲಜನಕ ಮಾತ್ರವಿರುವ ಅನಿಲವೊಂದರ 10 ಮಿಲಿಲೀಟರನ್ನು 80 ಮಿಲಿಲೀಟರ್ ಆಮ್ಲಜನಕದೊಡನೆ ಬೆರೆಸಿ ಕಿಡಿ ಹಾರಿಸಿ ಮೊದಲಿನ ತಾಪಕ್ಕೆ ತಣಿಸಿದಾಗ 60 ಮಿಲಿಲೀಟರ್ ಅನಿಲ ಉಳಿಯಿತೆನ್ನೋಣ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ; ಅದರೊಡನೆ ಕುಲುಕಿದ ಮೇಲೆ 30 ಮಾತ್ರ ಉಳಿದರೆ, ಹೀರಿದ 30 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್, ಉಳಿದ 30 ಹೆಚ್ಚಾಗಿದ್ದ ಆಮ್ಲಜನಕ. ಮೂಲ ಅನಿಲದ ಒಂದು ಪಾಲಿಗೆ ಡೈಆಕ್ಸೈಡಿನ ಮೂರು ಪಾಲು ಬಂದುದರಿಂದ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಮೂರು. ಖರ್ಚಾದ 50 ಮಿಲಿಲೀಟರ್ ಆಮ್ಲಜನಕದಲ್ಲಿ 30 ಇಂಗಾಲಕ್ಕೆ ಹೋಯಿತು. ನೀರಾಗಲು ಹೋದ 20ಕ್ಕೆ ಜಲಜನಕದ 40 ಪಾಲು, ಅಂದರೆ ಮೂಲ ಅನಿಲದ ಒಂದು ಪಾಲಿಗೆ ನಾಲ್ಕು ಪಾಲು, ಎಂಟು ಪರಮಾಣು. ಅನಿಲವು ಪ್ರೋಪೇನ್. ತಕ್ಕಡಿಯಿಲ್ಲದೆ, ತಾಪಮಾಪಕದ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ನಾಲ್ಕು ಗಾತ್ರಗಳನ್ನು ಓದಿಯೇ ಅಣುವಿನ ಒಳಗನ್ನು ಹೇಳಿಬಿಡುವ ಈ ವಿಧಾನ ರಸಾಯನಶಾಸ್ತ್ರದ ಅತ್ಯಂತ ಚೆಲುವಾದ ತರ್ಕಗಳಲ್ಲಿ ಒಂದು.

ಆದರೂ ಗಾತ್ರದ ನಿಯಮ ನಿಖರವಲ್ಲ, ಮೋಲ್ ಅನುಪಾತ ನಿಖರ; ಈ ಎರಡರ ನಡುವಿನ ಭೇದವನ್ನು ಹೇಳದೆ ಸಮೀಕ್ಷೆ ಪೂರ್ಣವಾಗದು. ಆದರ್ಶ ಅನಿಲದ ಕಲ್ಪನೆಯಲ್ಲಿ ಅಣುಗಳಿಗೆ ಸ್ವಂತ ಗಾತ್ರವಿಲ್ಲ, ಪರಸ್ಪರ ಸೆಳೆತವಿಲ್ಲ. ನಿಜವಾದ ಅನಿಲಗಳಲ್ಲಿ ಎರಡೂ ಇರುವುದರಿಂದ ಸೊನ್ನೆ ಡಿಗ್ರಿ, ಒಂದು ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡಿನ ಮೋಲ್ ಗಾತ್ರ ಸುಮಾರು 22.26 ಲೀಟರ್, ಸುಲಭವಾಗಿ ದ್ರವವಾಗುವ ಅಮೋನಿಯದ್ದು ಸುಮಾರು 22.1, ಗಂಧಕದ ಡೈಆಕ್ಸೈಡಿನದು ಸುಮಾರು 21.9. ಶಾಲೆಯ ನಳಿಗೆಯಲ್ಲಿ ಇದು ಕಾಣದಿದ್ದರೂ, ನೂರಾರು ವಾಯುಮಂಡಲ ಒತ್ತಡದಲ್ಲಿ ನಡೆಯುವ ಅಮೋನಿಯ ತಯಾರಿಕೆಯಲ್ಲಿ ಗಾತ್ರವನ್ನು ನೇರವಾಗಿ ಅನುಪಾತಕ್ಕೆ ಹಚ್ಚಿದರೆ ಲೆಕ್ಕ ಕೆಡುತ್ತದೆ. ಅಲ್ಲಿಯೂ ಒಂದಕ್ಕೆ ಮೂರು ಮೋಲ್ ಎಂಬುದು ಕದಲುವುದಿಲ್ಲ. ಇನ್ನೊಂದು ಬಗೆಯ ತೊಡಕು ಅಣುಗಳೇ ಬದಲಾಗುವುದರಿಂದ ಬರುತ್ತದೆ. ನೈಟ್ರಿಕ್ ಆಕ್ಸೈಡಿನ ಎರಡು ಪಾಲು ಆಮ್ಲಜನಕದ ಒಂದು ಪಾಲಿನೊಡನೆ ಕೂಡಿ ನೈಟ್ರೋಜನ್ ಡೈಆಕ್ಸೈಡಿನ ಎರಡು ಪಾಲಾಗಬೇಕು, ಆದರೆ 25 ಡಿಗ್ರಿ ಮತ್ತು ಒಂದು ವಾಯುಮಂಡಲದಲ್ಲಿ ಆ ಅಣುಗಳಲ್ಲಿ ಬಹುಪಾಲು ಎರಡೆರಡಾಗಿ ಜೋಡಿಗೂಡುವುದರಿಂದ ಅಳತೆಗೆ ಸಿಗುವುದು ಸುಮಾರು 1.2 ಪಾಲು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೋನಿಯಂ ಕ್ಲೋರೈಡಿನ ಆವಿಯ ಸಾಂದ್ರತೆ ನಿರೀಕ್ಷೆಯ ಅರ್ಧದಷ್ಟೇ ಬಂದಾಗ ಅವೊಗಾಡ್ರೊರ ನಿಯಮವನ್ನು ಹಲವರು ಸಂಶಯಿಸಿದ್ದರು; ಕಾಯಿಸಿದಾಗ ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು ಅಣುಗಳ ಸಂಖ್ಯೆ ಇಮ್ಮಡಿಯಾಗುತ್ತದೆಂದು ತಿಳಿದ ಮೇಲೆ ಅಪವಾದವೇ ಸಾಕ್ಷಿಯಾಯಿತು.

ಪ್ರಯೋಗಶಾಲೆಯ ಹೊರಗೆ ಈ ಲೆಕ್ಕದ ಮುಖ್ಯ ಉಪಯೋಗ ಉರುವಲಿಗೆ ಬೇಕಾದ ಗಾಳಿಯನ್ನು ಗೊತ್ತುಮಾಡುವುದು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. ಮೀಥೇನಿನ ಒಂದು ಪಾಲಿಗೆ ಆಮ್ಲಜನಕದ ಎರಡು ಪಾಲು ಬೇಕಾದ್ದರಿಂದ, ನೂರಕ್ಕೆ 60 ಪಾಲು ಮೀಥೇನ್, ಉಳಿದದ್ದು ಇಂಗಾಲದ ಡೈಆಕ್ಸೈಡ್ ಇರುವ ಗೋಬರ್ ಗ್ಯಾಸ್‌ನ ಒಂದು ಪಾಲು ಉರಿಯಲು ಆಮ್ಲಜನಕದ 1.2 ಪಾಲು, ಅಂದರೆ ಗಾಳಿಯ ಸುಮಾರು 5.7 ಪಾಲು ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು 1980ರ ದಶಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ದೀಪ ಮತ್ತು ನೀರು ಕೊಟ್ಟಂಥ ಯೋಜನೆಗಳ ಅಡಿಯಲ್ಲಿರುವುದು ಇಂಥ ಅನುಪಾತಗಳೇ.

ಅಡುಗೆ ಅನಿಲದ ಸಂಗತಿ ಇನ್ನೂ ಹತ್ತಿರದ್ದು. ಅದನ್ನು ಬ್ಯೂಟೇನ್ ಎಂದೇ ಹಿಡಿದರೆ ಅದರ ಒಂದು ಪಾಲಿಗೆ ಆಮ್ಲಜನಕದ ಆರೂವರೆ ಪಾಲು ಬೇಕು. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇಟ್ಟು ಬಾಗಿಲು ಕಿಟಕಿ ಮುಚ್ಚಿದಾಗ ಏನಾಗುತ್ತದೆಂಬುದನ್ನು ಈ ಒಂದು ಅಂಕೆಯಿಂದಲೇ ಕಾಣಬಹುದು. ಒಂದೂವರೆ ಮೀಟರ್ ಉದ್ದ, 1.6 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ 6,000 ಲೀಟರ್ ಗಾಳಿಯಿದೆ, ಅದರಲ್ಲಿ ಆಮ್ಲಜನಕ ಸುಮಾರು 1,260 ಲೀಟರ್. ಕಾಲು ಕಿಲೋ ಬ್ಯೂಟೇನ್ ಸುಮಾರು 4.3 ಮೋಲ್, ಅದು ಪೂರ್ತಿ ಉರಿಯಲು 28 ಮೋಲ್ ಆಮ್ಲಜನಕ, ಮಂಗಳೂರಿನ 24.6ರ ಲೆಕ್ಕದಲ್ಲಿ ಸುಮಾರು 690 ಲೀಟರ್ ಬೇಕು. ಹೊರಗಿನ ಗಾಳಿ ಬಾರದಿದ್ದರೆ ಕೋಣೆಯ ಆಮ್ಲಜನಕದ ಅರ್ಧಕ್ಕಿಂತ ಹೆಚ್ಚನ್ನು ಜ್ವಾಲೆಯೇ ಬೇಡುತ್ತದೆ. ಅಷ್ಟನ್ನು ಪಡೆಯುವ ಬಹಳ ಮೊದಲೇ ಅದು ಸೊರಗಿ ಇಂಗಾಲ ಅರೆಬರೆಯಾಗಿ ಉರಿಯತೊಡಗುತ್ತದೆ, ಡೈಆಕ್ಸೈಡಿನ ಬದಲು ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎತ್ತರದ ಬೆಂಗಳೂರಿನಲ್ಲಿ ಅದೇ ಕೋಣೆಯೊಳಗಿನ ಆಮ್ಲಜನಕದ ಮೋಲ್‌ಗಳು ಮಂಗಳೂರಿನದಕ್ಕಿಂತ ಹತ್ತನೆಯ ಒಂದು ಭಾಗದಷ್ಟು ಕಡಮೆ, ಜ್ವಾಲೆಯ ಬೇಡಿಕೆ ಮಾತ್ರ ಅಷ್ಟೇ. ಆದ್ದರಿಂದ ಗೀಸರನ್ನು ಸ್ನಾನದ ಮನೆಯ ಹೊರಗೆ ಗಾಳಿಯಾಡುವ ಕಡೆ ಇಟ್ಟು ಬಿಸಿನೀರನ್ನಷ್ಟೇ ಕೊಳವೆಯಲ್ಲಿ ಒಳಕ್ಕೆ ತರಬೇಕು.